ಇಪ್ಪತ್ತಮೂರನೇ ತಲೆ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲಿಳಿದು ವ್ಯಾನಕ್ಕ ಬರುತ್ತಿದ್ದಾಳೆ. ಎಡಗೈಯಲ್ಲಿ ಹತ್ತು ತಿಂಗಳ ಮಗ, ಬಲ ಹೆಗಲ ಮೇಲೆ ನಿದ್ದೆ ಹರಿಯದ ನಾಲ್ಕು ವರ್ಷದ ಮಗಳು, ಹಲ್ಲಿನ ನಡುವೆ ಕೀಲಿಗೊಂಚಲು. ಕೆಳಗಿನ ಮನೆಯ ಬಾಗಿಲನ್ನು ಮೊಣಕೈಯಿಂದ ತಟ್ಟುತ್ತಾಳೆ. ಬಾಗಿಲು ತೆರೆದ ದೊಡ್ಡಮ್ಮ ಗಂಡುಮಗುವನ್ನು ಇಸಿದುಕೊಳ್ಳುತ್ತಾರೆ.

"ರಾತ್ರಿ ಮಲಗಿದ್ನಾ?"

"ಎಲ್ಲಿ ಮಲಗ್ತಾನೆ ದೊಡ್ಡಮ್ಮ, ಹಲ್ಲು ಬರ್ತಾ ಇದೆ."

ಈ ದೊಡ್ಡಮ್ಮ ರಕ್ತಸಂಬಂಧಿಯೇನಲ್ಲ, ಬಾಯಿ ತುಂಬ ಕರೆದು ಕರೆದು ಆದ ಸಂಬಂಧ. ಒಂದು ಮಗುವನ್ನು ನೋಡಿಕೊಳ್ಳುತ್ತೇನೆ, ಎರಡಾದರೆ ನನ್ನ ಸೊಂಟ ಕೇಳುವುದಿಲ್ಲ ಎಂದು ಮೊದಲ ದಿನವೇ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಹಾಗಾಗಿ ಮಗಳು ಅಮ್ಮನ ಜೊತೆ ಕೆಲಸಕ್ಕೆ. ಅವಳಿಗೆ ಮನೆಯಲ್ಲಿ ಬಟಾಣಿ ಎಂದು ಹೆಸರು. ಉರುಟು ಮುಖ, ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗುವ ಸ್ವಭಾವ.

ಕಟ್ಟಡದ ಹಿಂದೆ ಹಳದಿ ವ್ಯಾನು ನಿಂತಿದೆ. ಬಟಾಣಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಹೊದಿಕೆ ಸುತ್ತಿ, ವ್ಯಾನಕ್ಕ ಹಳೆಯ ಪೇಪರಿನಿಂದ ಕಿಟಕಿಗಳನ್ನು ಒಂದೊಂದಾಗಿ ಒರೆಸುತ್ತಾಳೆ. ಗಾಜಿನ ತುಂಬ ಮಕ್ಕಳು ಮೂಗೊತ್ತಿ ಮಾಡಿದ ಗುರುತುಗಳು. "ಇದು ಎರಡನೇ ಕ್ಲಾಸಿನವಳ ಮೂಗು, ಇದು ಅವಳ ತಮ್ಮಂದು," ಎಂದು ಬರೆಯಲು ಬಂದ ಪತ್ರಿಕೆಯವರಿಗೆ ಗುರುತು ಹಿಡಿದು ಹೇಳುತ್ತಾಳೆ. ಸುಳ್ಳೋ ನಿಜವೋ ಪರೀಕ್ಷಿಸುವ ದಾರಿಯಿಲ್ಲ, ನಂಬಬೇಕು.

ವ್ಯಾನಕ್ಕ ಎಂದು ಹೆಸರಿಟ್ಟವರು ಶಾಲೆಯ ಮಕ್ಕಳು. ಆರು ವರ್ಷದಿಂದ ಅದೇ ಹೆಸರು ಓಡುತ್ತಿದೆ. ಹದಿನಾಲ್ಕು ಕಡೆ ನಿಲ್ಲಬೇಕು, ಇಪ್ಪತ್ತೆರಡು ಮಕ್ಕಳು, ಬೆಳಗ್ಗೆ ಒಂದು ಟ್ರಿಪ್, ಮಧ್ಯಾಹ್ನ ಒಂದು. ಯಾರ ಮನೆಯ ನಾಯಿ ಬೊಗಳುತ್ತದೆ, ಯಾವ ತಂದೆ ದಿನಾ ಎರಡು ನಿಮಿಷ ತಡಮಾಡಿ ಸಾರಿ ಹೇಳುತ್ತಾರೆ, ಯಾವ ಮಗುವಿನ ಬೂಟಿನ ದಾರ ಯಾವಾಗಲೂ ಬಿಚ್ಚಿರುತ್ತದೆ, ಎಲ್ಲವೂ ಆಕೆಗೆ ಬಾಯಿಪಾಠ. ಗಂಡ ಬ್ರೆಡ್ ಫ್ಯಾಕ್ಟರಿಯಲ್ಲಿ ಒಲೆ ನೋಡಿಕೊಳ್ಳುವವನು. ನಸುಕು ನಾಲ್ಕಕ್ಕೆ ಹೋಗಿ ಮಧ್ಯಾಹ್ನ ಎರಡಕ್ಕೆ ಬಂದು ಮಕ್ಕಳನ್ನು ವಹಿಸಿಕೊಂಡರೆ ಈಕೆ ಶಾಲೆಯ ಕಡೆ ವ್ಯಾನು ತಿರುಗಿಸುತ್ತಾಳೆ. "ನಾವಿಬ್ರೂ ಗಂಡ ಹೆಂಡ್ತಿ ಅನ್ನೋದು ಭಾನುವಾರ ನೆನಪಾಗತ್ತೆ," ಎನ್ನುತ್ತಾಳೆ.

ಶಾಲೆಯ ಗೇಟಿನಲ್ಲಿ ಅವಳದೊಂದು ಪದ್ಧತಿ ಉಂಟು. ಬಾಗಿಲ ಬಳಿ ನಿಂತು ಇಳಿಯುವ ಪ್ರತಿಯೊಂದು ತಲೆಯನ್ನೂ ಅಂಗೈಯಿಂದ ಮುಟ್ಟುತ್ತಾಳೆ. ಒಂದು, ಎರಡು, ಮೂರು. ಜಡೆ, ಕ್ರಾಪು, ಎಣ್ಣೆ ಸುರಿಯುವ ತಲೆ, ಸ್ನಾನ ತಪ್ಪಿಸಿಕೊಂಡ ತಲೆ. ಇಪ್ಪತ್ತೆರಡು ಆಗದೆ ಬಾಗಿಲು ಮುಚ್ಚುವುದಿಲ್ಲ. "ಕಣ್ಣು ಮೋಸ ಮಾಡತ್ತೆ, ಕೈ ಮಾಡಲ್ಲ," ಎನ್ನುವುದು ಅವಳ ನಂಬಿಕೆ.

ಹೋದ ತಿಂಗಳು ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಹೆಡ್‌ಮಿಸ್ಸು ಆಕೆಯನ್ನು ವೇದಿಕೆಗೆ ಕರೆದು ಒಂದು ಗೋಡೆಗಡಿಯಾರ ಕೊಟ್ಟರು. ಆರು ವರ್ಷ, ಒಂದೇ ಒಂದು ತಪ್ಪಿಲ್ಲ ಎಂದು ಮೈಕಿನಲ್ಲಿ ಹೇಳಿದರು. ತಂದೆತಾಯಿಗಳೆಲ್ಲ ಚಪ್ಪಾಳೆ ಹೊಡೆದರು. ಪತ್ರಿಕೆಯ ಕಿವಿಗೆ ಈ ಸುದ್ದಿ ಹಾಕಿದವರೂ ಹೆಡ್‌ಮಿಸ್ಸೇ. ಹಾಗೆ ಬರೆಯಲು ಬಂದವರನ್ನು ವ್ಯಾನಕ್ಕ ಎರಡು ದಿನ ನಗುನಗುತ್ತಾ ಸಾಗಹಾಕಿದಳು. "ಎಲೆಮರೆಯ ಕಾಯಿ ಅಂತೀರಲ್ಲ, ಮರೇಲೇ ಇರೋಕೆ ಬಿಡಿ ಸಾರ್." ವಿನಯ ಇರಬೇಕು ಎಂದುಕೊಂಡದ್ದು ಬರೆಯಲು ಬಂದವರ ದಡ್ಡತನ.

ಮೂರನೆಯ ದಿನ ಗಡಿಯಾರದ ಫೋಟೋ ಬೇಕೆಂದು ಕೇಳಿದಾಗ ನಗು ನಿಂತಿತು. ಗಡಿಯಾರ ಗೋಡೆಯ ಮೇಲಿಲ್ಲ. ಡಬ್ಬಿಯನ್ನೂ ಬಿಚ್ಚದೆ ಮಂಚದ ಕೆಳಗೆ ತಳ್ಳಿಟ್ಟಿದ್ದಾಳೆ. ಖಾಲಿ ವ್ಯಾನಿನ ಮೆಟ್ಟಿಲ ಮೇಲೆ ಕುಳಿತು, ಒರೆಸುವ ಬಟ್ಟೆಯನ್ನು ಸುಮ್ಮನೆ ಮಡಿಸುತ್ತಾ ಬಿಚ್ಚುತ್ತಾ ಅವಳು ಹೇಳುತ್ತಾಳೆ.

ಸಮಾರಂಭಕ್ಕೆ ಹನ್ನೆರಡು ದಿನ ಮೊದಲಿನ ಮಾತು. ಮಗನಿಗೆ ಜ್ವರ. ಹಿಂದಿನ ರಾತ್ರಿ ಯಾರೂ ಕಣ್ಣು ಮುಚ್ಚಿರಲಿಲ್ಲ. ಬೆಳಗಿನ ಟ್ರಿಪ್ಪಿನಲ್ಲಿ ಒಂದನೇ ಕ್ಲಾಸಿನ ಹುಡುಗನೊಬ್ಬನ ಮುಖ ಬಿಳಿಚಿತು. ಅವನಿಗೆ ವ್ಯಾನು ಹತ್ತಿದರೆ ಹೊಟ್ಟೆ ತೊಳಸುತ್ತದೆ, ಮುಂದೆ ಕಿಟಕಿ ಪಕ್ಕ ಕೂತರೆ ಮಾತ್ರ ಪರವಾಗಿಲ್ಲ. ವ್ಯಾನಕ್ಕ ತನ್ನ ಮಗಳನ್ನು ಮುಂದಿನ ಸೀಟಿನಿಂದ ಎಬ್ಬಿಸಿ ಹಿಂದಕ್ಕೆ ಕಳಿಸಿ ಅವನನ್ನು ಕೂರಿಸಿದಳು. ನಿದ್ದೆಗೆಟ್ಟಿದ್ದ ಬಟಾಣಿ ಕೊನೆಯ ಸೀಟಿನಲ್ಲಿ ಮುದುರಿ ಮಲಗಿಬಿಟ್ಟಳು. ಶಾಲೆಯ ಗೇಟಿನಲ್ಲಿ ಎಂದಿನಂತೆ ಎಣಿಕೆ. ಇಪ್ಪತ್ತೆರಡು. ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಷ್ಟರಲ್ಲಿ ದೊಡ್ಡಮ್ಮನ ಫೋನು, ಮಗು ಅಳು ನಿಲ್ಲಿಸುತ್ತಿಲ್ಲ ಬೇಗ ಬಾ ಎಂದು. ಬಂದಳು. ವ್ಯಾನಿಗೆ ಬೀಗ ಹಾಕಿದಳು. ಮಗುವನ್ನು ಎತ್ತಿಕೊಂಡು ಮನೆಯ ಮೆಟ್ಟಿಲು ಹತ್ತಿದಳು.

"ಔಷಧಿ ಹಾಕಿದೆ, ಮಲಗಿದ. ಆಮೇಲೆ ಟೀ ಮಾಡ್ಕೊಂಡೆ," ಎಂದವಳು ತಡೆದು, ಬಟ್ಟೆಯನ್ನು ಮತ್ತೆ ಮಡಿಸುತ್ತಾಳೆ. "ಬಿಸಿ ಬಿಸಿ ಟೀ ಸಾರ್. ಎಷ್ಟೋ ತಿಂಗಳಿಂದ ಬಿಸಿ ಟೀ ಕುಡಿದಿರ್ಲಿಲ್ಲ ನಾನು. ಅಬ್ಬ, ಮನೆ ಇವತ್ತು ಎಷ್ಟು ಸುಮ್ನಿದೆ ಅಂತ ಖುಷಿಪಟ್ಟೆ. ಖುಷಿಪಟ್ಟೆ ಅನ್ನೋದು ಬರ್ಕೊಳ್ಳಿ."

ಲೋಟ ತೊಳೆಯಲು ಎದ್ದಾಗ ಸಿಂಕಿನ ಪಕ್ಕದಲ್ಲಿ ಇನ್ನೊಂದು ಲೋಟ ಕಂಡಿತು. ಚಿಕ್ಕದು, ನೀಲಿ ಹಿಡಿಕೆಯದು, ಮಗಳ ಹಾಲಿನ ಲೋಟ.

ಎರಡು ಮಹಡಿ ಹೇಗಿಳಿದಳೋ ಗೊತ್ತಿಲ್ಲ. ಕಾಲಲ್ಲಿ ಚಪ್ಪಲಿಯಿಲ್ಲ, ಮಲಗಿದ್ದ ಮಗುವನ್ನು ಒಂಟಿ ಬಿಟ್ಟ ಪರಿವೆಯೂ ಇಲ್ಲ. ಕೀಲಿ ಮೂರು ಸಲ ತಪ್ಪಿತು. ಗಾಜಿನ ಆಚೆ ಬಟಾಣಿ ಸೀಟುಗಳ ನಡುವೆ ನಡೆಯುತ್ತಿದ್ದಳು. ಮುಖವೆಲ್ಲ ಕಣ್ಣೀರು, ಸಿಂಬಳ. ಅಮ್ಮ ಮಾಡುವ ಹಾಗೇ ಪ್ರತಿ ಸೀಟಿನ ಬೆನ್ನಿಗೂ ಅಂಗೈ ತಾಗಿಸಿ ಎಣಿಸುತ್ತಿದ್ದಳು. ಅವಳಿಗೆ ಎಂಟರ ತನಕ ಬರುತ್ತದೆ, ಎಂಟಾದ ಮೇಲೆ ಮತ್ತೆ ಒಂದು. ಬಾಗಿಲು ತೆರೆದಾಗ ಬಿಕ್ಕುತ್ತಲೇ ಹೇಳಿದಳು: "ಅಮ್ಮ, ಯಾರೂ ಇಲ್ಲ. ನಾನು ಎಣಿಸಿದೆ."

ಇಪ್ಪತ್ತೈದು ನಿಮಿಷ. ಬೆಳಗಿನ ತಂಪು ಹೊತ್ತು, ಕಿಟಕಿಯೊಂದು ನಾಲ್ಕು ಬೆರಳಷ್ಟು ತೆರೆದಿತ್ತು, ಮಗುವಿಗೆ ಏನೂ ಆಗಲಿಲ್ಲ. ಮಧ್ಯಾಹ್ನವೇ ಅವಳು ಎಲ್ಲವನ್ನೂ ಮರೆತು ಬಿಸ್ಕತ್ತಿಗೆ ಹಟ ಹಿಡಿದಳು. ಮರೆಯದವಳು ತಾಯಿ. ಗಂಡನಿಗೆ ಹೇಳಿದಳು. ಅವನು ಮಗಳನ್ನು ತೊಡೆಯ ಮೇಲೆ ಎಳೆದು ಕೂರಿಸಿಕೊಂಡ. ಆಮೇಲೆ, "ಯಾರಿಗೂ ಹೇಳ್ಬೇಡ, ಇರೋ ಕೆಲಸ ಹೋಗತ್ತೆ," ಎಂದ. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾಳೆ ವ್ಯಾನಕ್ಕ.

ಅವತ್ತಿನಿಂದ ಆಕೆಗೆ ಮೈಯೆಲ್ಲ ಮುಳ್ಳು. ನೀವಿದ್ದೀರಲ್ಲ, ನಮಗೆ ಚಿಂತೆಯಿಲ್ಲ ಎಂದು ಯಾವ ತಾಯಿಯಾದರೂ ಅಂದರೆ ನೆಲ ನೋಡುತ್ತಾಳೆ. ಗಡಿಯಾರ ಇಸಿದುಕೊಳ್ಳುವಾಗ ಕೈ ಬೆವರಿ ಡಬ್ಬಿ ಜಾರುತ್ತಿತ್ತಂತೆ. ಮಗಳು ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. "ಊರಿನ ಮಕ್ಕಳನ್ನೆಲ್ಲ ಎಣಿಸ್ತೀನಿ. ನನ್ನದು ಲಿಸ್ಟಲ್ಲೇ ಇಲ್ಲ. ಯಾಕಿಲ್ಲ? ಅವಳು ನನ್ನ ಜೊತೇಲೇ ಇರ್ತಾಳಲ್ಲ, ಎಣಿಸೋದೇನು ಅಂತ. ಹೇಗಿದೆ ನೋಡಿ ನನ್ನ ಬುದ್ಧಿ. ಮುಖ ಎತ್ತೋಕೆ ನಾಚಿಕೆ ಆಗತ್ತೆ."

ಇದನ್ನು ಬಿಟ್ಟು ಬರೆಯಬಹುದು ಎಂದು ಬರೆಯಲು ಬಂದವರು ಹೇಳಿ ನೋಡಿದರು. ಕೆಲಸದ ಪ್ರಶ್ನೆ, ಎರಡು ಮಕ್ಕಳ ಹೊಟ್ಟೆಯ ಪ್ರಶ್ನೆ. ವ್ಯಾನಕ್ಕ ಒಪ್ಪಲಿಲ್ಲ. "ಬರೆಯೋದಾದ್ರೆ ಇದನ್ನೂ ಬರೀರಿ. ಇಲ್ಲ ಅಂದ್ರೆ ನನ್ನ ಬಗ್ಗೆ ಬರೀಲೇಬೇಡಿ. ಆದ್ರೆ ಒಂದು ವಾರ ಟೈಮ್ ಕೊಡಿ. ಶಾಲೆಯವರು ಪೇಪರಲ್ಲಿ ಓದಿ ತಿಳ್ಕೊಳ್ಳೋದು ಬೇಡ, ನಾನೇ ಹೇಳ್ತೀನಿ."

ಹೇಳಿದಳು. ಗಡಿಯಾರದ ಡಬ್ಬಿಯನ್ನು ಹೆಡ್‌ಮಿಸ್ಸಿನ ಮೇಜಿನ ಮೇಲಿಟ್ಟು, ನಿಂತುಕೊಂಡೇ, ಟೀ ಕುಡಿದದ್ದನ್ನೂ ಬಿಡದೆ ಒಪ್ಪಿಸಿದಳು. ಹೆಡ್‌ಮಿಸ್ಸು ಕನ್ನಡಕ ತೆಗೆದು, "ಮಗು ಈಗ ಹೇಗಿದೆ?" ಎಂದಷ್ಟೇ ಕೇಳಿದರಂತೆ. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು ಆ ಒಂದು ಪ್ರಶ್ನೆಗೆ ಗೊಳೋ ಎಂದು ಅತ್ತಳು. ಶನಿವಾರ ತಂದೆತಾಯಿಗಳನ್ನು ಕರೆಸಲಾಯಿತು. ಚಿಕ್ಕ ಕ್ಲಾಸಿನ ಮೋಟು ಬೆಂಚುಗಳಲ್ಲಿ ಮಂಡಿ ಮೇಲೆತ್ತಿ ಕೂತಿದ್ದ ಅಷ್ಟೂ ಜನರ ಮುಂದೆ ಮತ್ತೊಮ್ಮೆ ಹೇಳಿದಳು. ಯಾರೋ ಒಬ್ಬರು, ಸ್ವಂತ ಮಗುವನ್ನೇ ಮರೆತವರು ನಮ್ಮ ಮಕ್ಕಳನ್ನು ಏನು ನೋಡ್ತಾರೆ ಎಂದರು. ಇನ್ನೊಬ್ಬ ತಾಯಿ ಎದ್ದು ನಿಂತು, ತಾನೂ ಒಮ್ಮೆ ಅಂಗಡಿಯಲ್ಲಿ ಮಗುವನ್ನು ಬಿಟ್ಟು ಗೇಟಿನ ತನಕ ಹೋಗಿದ್ದೆ ಎಂದು ಎಲ್ಲರೆದುರು ಹೇಳಿ, ಮುಖ ಕೆಂಪು ಮಾಡಿಕೊಂಡು ಕೂತರು. ಕೊನೆಗೆ ಕೆಲಸ ಉಳಿಯಿತು. ಪ್ರತಿ ಟ್ರಿಪ್ ಮುಗಿದ ಮೇಲೆ ಶಾಲೆಯ ಆಯಾ ವ್ಯಾನು ಹತ್ತಿ ಸೀಟಿನ ಕೆಳಗೂ ನೋಡಬೇಕೆಂದು ತೀರ್ಮಾನವಾಯಿತು.

ಒಬ್ಬ ಹುಡುಗನನ್ನು ಮಾತ್ರ ಮನೆಯವರು ಬಿಡಿಸಿ ಬೇರೆ ವ್ಯಾನಿಗೆ ಸೇರಿಸಿದ್ದಾರೆ. ಅದೇ ಹೊಟ್ಟೆ ತೊಳಸುವ ಹುಡುಗ. ಯಾರಿಗಾಗಿ ತನ್ನ ಮಗಳನ್ನು ಹಿಂದಕ್ಕೆ ಕಳಿಸಿದ್ದಳೋ ಅವನೇ. ಬೇಜಾರಾಯಿತಾ ಎಂದರೆ ವ್ಯಾನಕ್ಕ ಅಡ್ಡಡ್ಡ ತಲೆಯಾಡಿಸುತ್ತಾಳೆ. "ಅವರ ಜಾಗದಲ್ಲಿ ನಾನಿದ್ರೂ ಬಿಡಿಸ್ತಿದ್ದೆ. ಆದ್ರೆ ಆ ವ್ಯಾನಿನವರಿಗೆ ಅವನ ವಿಷಯ ಗೊತ್ತಿಲ್ಲ. ಮುಂದೆ ಕಿಟಕಿ ಪಕ್ಕ ಕೂರಿಸ್ಬೇಕು, ತಿರುವಲ್ಲಿ ನಿಧಾನ ಮಾಡ್ಬೇಕು. ನಾನು ಹೋಗಿ ಹೇಳಿದ್ರೆ ಚೆನ್ನಾಗಿರಲ್ಲ. ನೀವು ಬರೀತೀರಲ್ಲ, ಅದರಲ್ಲಿ ಅದೊಂದು ಸೇರಿಸಿ." ಅವನಿಗೆಂದು ಇಟ್ಟಿದ್ದ ಪ್ಲಾಸ್ಟಿಕ್ ಕವರುಗಳ ಕಟ್ಟು ಸ್ಟೇರಿಂಗ್ ಪಕ್ಕದ ಗೂಡಿನಲ್ಲಿ ಇನ್ನೂ ಹಾಗೇ ಇದೆ.

ಗಡಿಯಾರವನ್ನು ಹೆಡ್‌ಮಿಸ್ಸು ವಾಪಸು ಕೊಟ್ಟು ಕಳಿಸಿದ್ದಾರೆ. ಅದು ಮತ್ತೆ ಮಂಚದ ಕೆಳಗೇ ಸೇರಿದೆ. ಲಿಸ್ಟು ಮಾತ್ರ ಬದಲಾಗಿದೆ. ಹುಡುಗ ಹೋದ ಮೇಲೆ ಇಪ್ಪತ್ತೊಂದಾಗಬೇಕಿತ್ತು, ಆದರೆ ಈಗಲೂ ಇಪ್ಪತ್ತೆರಡೇ. ಎಲ್ಲಕ್ಕಿಂತ ಮೇಲೆ ಇನ್ನೊಂದು ಹೆಸರು ಪೆನ್ನಿನಲ್ಲಿ ಒತ್ತಿ ಬರೆದಿದೆ.

ಬೆಳಗಿನ ಆರು ಗಂಟೆ. ಕಿಟಕಿಗಳನ್ನು ಒರೆಸಿಯಾಗಿದೆ. ಹೊರಡುವ ಮುಂಚೆ ವ್ಯಾನಕ್ಕ ಮುಂದಿನ ಸೀಟಿನ ಕಡೆ ಬಾಗಿ ಮಗಳ ತಲೆಯ ಮೇಲೆ ಅಂಗೈ ಇಡುತ್ತಾಳೆ. "ಒಂದು."

ಬಟಾಣಿಗೆ ಈ ಹೊಸ ಪದ್ಧತಿ ಅರ್ಥವಾಗಿಲ್ಲ. ಕೈಯನ್ನು ತಳ್ಳಿ, ಹುಬ್ಬು ಗಂಟಿಕ್ಕಿ ಕೇಳುತ್ತಾಳೆ: "ಅವರೆಲ್ಲ ಶಾಲೆಯವರು. ನಾನು ನಿನ್ನವಳಲ್ವಾ? ನನ್ನನ್ಯಾಕೆ ಎಣಿಸ್ತೀಯಾ?"

ವ್ಯಾನಕ್ಕ ಕೀಲಿ ತಿರುಗಿಸಿ, ವ್ಯಾನು ಗುರ್ ಎಂದ ಮೇಲೆ, ಮತ್ತೆ ಕೈ ಚಾಚುತ್ತಾಳೆ.

"ನನ್ನವಳು ಅಂತಾನೇ. ಸುಮ್ನೆ ತಲೆ ಕೊಡು."