ನಿಧಾನಪ್ಪನ ಬಿಕ್ಕಳಿಕೆ ಮತ್ತು ಖಾಲಿ ಕುರ್ಚಿ

ಮನುಷ್ಯನಿಗೆ ಜ್ವರ ಬಂದರೆ ಜನ ದೂರ ನಿಂತು ವಿಚಾರಿಸುತ್ತಾರೆ. ಕಾಲು ಮುರಿದರೆ ಅಯ್ಯೋ ಪಾಪ ಎನ್ನುತ್ತಾರೆ. ಬಿಕ್ಕಳಿಕೆ ಬಂತೋ, ಅವನ ಮೈ ಸಾರ್ವಜನಿಕರ ಸ್ವತ್ತಾಗಿಬಿಡುತ್ತದೆ. ದಾರಿಹೋಕರೂ ಬಂದು ಒತ್ತಬಹುದು, ಹಿಸುಕಬಹುದು, ಬೆನ್ನಿಗೆ ಗುದ್ದಬಹುದು, ಹಿಂದಿನಿಂದ ಬಂದು 'ಭೌ' ಎಂದು ಕೂಗಬಹುದು. ಇಷ್ಟೆಲ್ಲ ಮಾಡಿದ ಮೇಲೆ ನಕ್ಕು ಹೋಗಲೂಬಹುದು. ಕ್ಷೌರದಂಗಡಿಯ ನಿಧಾನಪ್ಪನಿಗೆ ಈ ಜ್ಞಾನೋದಯವಾದದ್ದು ಐವತ್ತು ದಾಟಿದ ಮೇಲೆ.

ನಿಧಾನಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೇರೆಯವರು ಐದು ನಿಮಿಷದಲ್ಲಿ ಹೆರೆದು ಬಿಸಾಕುವ ಗಡ್ಡಕ್ಕೆ ಇವನು ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದ. ಕತ್ತಿ ಗಂಟಲಿಗೆ ಬಂದಾಗಲಂತೂ ಕೇಳುವುದೇ ಬೇಡ. ಉಸಿರು ಬಿಗಿಹಿಡಿದು ಒಂದು ಎಳೆತ ಎಳೆಯುವುದು, ಕತ್ತಿ ಎತ್ತುವುದು, ನೊರೆ ಒರೆಸುವುದು, ಉಸಿರು ಬಿಡುವುದು, ಮತ್ತೆ ಹಿಡಿಯುವುದು. "ಕತ್ತಿ ಗಿರಾಕಿ ಗಂಟಲ ಮೇಲಿದ್ದಾಗ ನಿನ್ನ ಉಸಿರು ನಿನ್ನ ಹೊಟ್ಟೇಲಿರ್ಬೇಕು" ಎಂದು ಗುರು ಹೇಳಿಕೊಟ್ಟಿದ್ದ. ಕಲಿತ ದಿನದಿಂದ ಈವರೆಗೆ ಒಂದೇ ಒಂದು ಗಂಟಲಿಗೂ ಅದನ್ನು ತಪ್ಪಿಸಿರಲಿಲ್ಲ. ಆಫೀಸಿಗೆ ಹೊರಟವರು ಗೊಣಗಿಕೊಂಡೇ ಬಂದು ಕೂರುತ್ತಿದ್ದರು. ಅವನ ಕೈಯಲ್ಲಿ ಗಾಯ ಮಾಡಿಸಿಕೊಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಆ ಗುರುವೇ ಮುಂದೆ ಅವನಿಗೆ ಹೆಣ್ಣು ಕೊಟ್ಟ ಮಾವನೂ ಆದ. ಈಗ ಮುದುಕನ ಕೈ ನಡುಗುತ್ತದೆ, ಹಿಂದಿನ ಬೀದಿಯಲ್ಲಿ ಮಗನ ಮನೆಯಲ್ಲಿದ್ದಾನೆ. ದಿನ ಬಿಟ್ಟು ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಿಧಾನಪ್ಪ ಹೋಗಿ ಮಾವನ ಗಡ್ಡ ತೆಗೆದು ಬರುತ್ತಿದ್ದ. ಅದು ಸೇವೆಯಲ್ಲ, ಪರೀಕ್ಷೆ. ಕೆಲಸ ಮುಗಿದ ಮೇಲೆ ಮುದುಕ ಅಂಗೈಯಿಂದ ಗಂಟಲು ಸವರಿ "ಹೂಂ" ಎನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಿದವನಲ್ಲ. ಆದರೂ ಆ ಒಂದು "ಹೂಂ" ಸಿಕ್ಕರೆ ನಿಧಾನಪ್ಪನಿಗೆ ಇಡೀ ದಿನ ಸಲೀಸು.

ಅವನಿಗಿದ್ದ ಕೆಟ್ಟ ಅಭ್ಯಾಸ ಒಂದೇ. ಗಿರಾಕಿ ಇಲ್ಲದಾಗ ಬಾಗಿಲಲ್ಲಿ ನಿಂತು, ಬಾಲದಂಥ ಚೂಪು ಹಿಡಿಯಿರುವ ಬಾಚಣಿಗೆಯ ತುದಿಯಿಂದ ಕಿವಿ ಕೆರೆದುಕೊಳ್ಳುವುದು. ಕಣ್ಣು ಅರ್ಧ ಮುಚ್ಚಿ, ತಲೆ ಓರೆ ಮಾಡಿ, ಪರಮ ಸುಖದಲ್ಲಿರುತ್ತಿದ್ದ. ಊಟದ ಡಬ್ಬಿ ತಂದ ಹೆಂಡತಿ ನೋಡಿದಾಗಲೆಲ್ಲ, "ರೀ, ಆ ಬಾಚಣಿಗೆ ಗಿರಾಕಿ ತಲೆಗೋ, ನಿಮ್ಮ ಕಿವಿಗೋ?" ಎಂದು ಬೈಯುತ್ತಿದ್ದಳು. ಅವನು ಅದನ್ನು ಅದೇ ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ.

ಬಿಕ್ಕಳಿಕೆ ಶುರುವಾದದ್ದು ಒಂದು ಬೆಳಿಗ್ಗೆ, ಬ್ರಷ್ಷಿನಲ್ಲಿ ನೊರೆ ಎಬ್ಬಿಸುತ್ತಿದ್ದಾಗ. ಹಿಕ್. ಬೆಂಚಿನ ಮೇಲಿದ್ದವರು ನಕ್ಕರು. "ಯಾರೋ ನೆನೆಸ್ಕೋತಿದಾರೆ ಕಣಯ್ಯಾ!" ಎಂದ ಪಕ್ಕದ ಚಪ್ಪಲಿ ಅಂಗಡಿಯವ. "ನೆನೆಸ್ಕೊಳ್ಳೋಳು ಮನೇಲೇ ಇದಾಳೆ, ಬೈಕೊಂಡೇ ನೆನೆಸ್ಕೋತಾಳೆ" ಎಂದು ನಿಧಾನಪ್ಪನೂ ನಕ್ಕ. ಸಂಜೆಗೆ ನಗು ಹೋಯಿತು, ಬಿಕ್ಕಳಿಕೆ ಹೋಗಲಿಲ್ಲ. ಮಾರನೆಯ ದಿನ ತುತ್ತು ಬಾಯಿಗಿಟ್ಟರೂ ಹಿಕ್, ಮಾತಾಡಿದರೂ ಹಿಕ್, ಕಣ್ಣು ಹತ್ತುವಷ್ಟರಲ್ಲಿ ಮಂಚವೇ ಅಲುಗುವಂತೆ ಹಿಕ್.

ಬಿಟ್ಟಿ ವೈದ್ಯ ಶುರುವಾಯಿತು ನೋಡಿ! ಚಪ್ಪಲಿ ಅಂಗಡಿಯವ ಒಂದು ಚಮಚ ಸಕ್ಕರೆ ನಾಲಿಗೆಗೆ ಸುರಿದ. ಹೆಂಡತಿ ಶುಂಠಿ ರಸಕ್ಕೆ ಜೇನು ಕಲಸಿ ಕೊಟ್ಟಳು, ನಿಂಬೆಯ ಹೋಳು ಚೀಪಿಸಿದಳು. ಯಾರೋ ಲೋಟದ ಆಚೆ ಅಂಚಿನಿಂದ ಬಗ್ಗಿ ನೀರು ಕುಡಿ ಎಂದರು, ಕುಡಿದ, ನೀರೆಲ್ಲ ಮೂಗಿಗೇರಿ ಕಣ್ಣು ಕೆಂಡವಾಯಿತು. ಒಬ್ಬ ಕಾಗದದ ಚೀಲದೊಳಗೆ ಉಸಿರಾಡಿಸಿದ. ಮತ್ತೊಬ್ಬ ಹಿಂದಿನಿಂದ ಬಂದು 'ಭೌ' ಎಂದು ಹೆದರಿಸಿದ. ಇನ್ನೊಬ್ಬ ನಾಲಿಗೆ ಹಿಡಿದು ಎಳೆಯಲು ಬಂದಾಗ ನಿಧಾನಪ್ಪ ಅವನ ಕೈಗೆ ಪಟ್ಟನೆ ಹೊಡೆದ. ಸಂತೆಯಲ್ಲಿ ಎತ್ತಿನ ಬಾಯಿ ನೋಡುವ ಹಾಗೆ ನೋಡುತ್ತಿದ್ದರು ಅವನನ್ನು. ಕೆಲವು ಉಪಾಯಗಳಿಂದ ಸ್ವಲ್ಪ ಹೊತ್ತು ನಿಂತದ್ದೂ ಉಂಟು. ಆದರೆ ಛತ್ರಿ ಮರೆತು ಹೋದ ಅತಿಥಿಯಂತೆ ಮತ್ತೆ ಬಂದೇ ಬರುತ್ತಿತ್ತು. ಮೂರನೆಯ ದಿನ ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಹೊಟ್ಟೆಯ ಹುಳಿ ಇರಬಹುದೆಂದು ಮಾತ್ರೆ ಕೊಟ್ಟು, ಕಡಿಮೆಯಾಗದಿದ್ದರೆ ದೊಡ್ಡಾಸ್ಪತ್ರೆಗೆ ಹೋಗು ಎಂದರು. ಅಂಗಡಿ ಮುಚ್ಚಿ ಹೋಗುವುದಕ್ಕೆ ಇವನಿಗೆ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಒಬ್ಬ ಪುಣ್ಯಾತ್ಮ ಬಂದು "ಉಸಿರು ಹಿಡ್ಕೊಂಡು ನೋಡು" ಎಂದ. ನಿಧಾನಪ್ಪನ ಪಿತ್ತ ನೆತ್ತಿಗೇರಿತು.

"ಉಸಿರು ಹಿಡಿಯೋದನ್ನ ನಂಗೆ ಹೇಳ್ಕೊಡ್ತೀಯಾ? ನಾನು ಅನ್ನ ತಿನ್ನೋದೇ... ಹಿಕ್... ಉಸಿರು ಹಿಡಿದು ಕಣೋ!"

ಕೋಪ ಅದಕ್ಕಷ್ಟೇ ಅಲ್ಲ. ಮೊದಲ ದಿನವೇ ಅವನು ಒಂದನ್ನು ಗಮನಿಸಿದ್ದ. ಉಸಿರು ಬಿಗಿಹಿಡಿದು ಕತ್ತಿ ಆಡಿಸುವಷ್ಟು ಹೊತ್ತು ಬಿಕ್ಕಳಿಕೆ ಬರುತ್ತಲೇ ಇರಲಿಲ್ಲ. ಕತ್ತಿ ಎತ್ತಿ ಉಸಿರು ಬಿಟ್ಟ ಮೇಲೇ ಹಿಕ್. ಇದನ್ನು ಅವನು ಬಂದವರಿಗೆಲ್ಲ ಬಿಡಿಸಿ ಹೇಳಿದ, ಗಾಳಿಯಲ್ಲಿ ಕತ್ತಿ ಆಡಿಸಿ ತೋರಿಸಿದ. ಎಲ್ಲರೂ ತಲೆಯಾಡಿಸಿದರು. ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ.

"ನಂಬ್ತೀನಪ್ಪಾ, ನಂಬಲ್ಲ ಅಂದ್ನಾ? ಆದ್ರೆ ಇವತ್ತು ಕೂದಲಷ್ಟೇ ಸಾಕು" ಎಂದರು ಕೆಲವರು. ಮರುದಿನ ಕೂದಲೂ ಬೇಡವಾಯಿತು. ಬರುವುದು, ಬೆಂಚಿನ ಮೇಲೆ ಕೂತು ಪೇಪರ್ ಓದುವುದು, ಹೊಸದೊಂದು ಮದ್ದು ಹೇಳುವುದು, ಎದ್ದು ಮೂಲೆಯ ಇನ್ನೊಂದು ಅಂಗಡಿಗೆ ಹೋಗಿ ಗಡ್ಡ ತೆಗೆಸಿಕೊಳ್ಳುವುದು. ನಾಚಿಕೆಯಾದರೂ ಬೇಡವೇ? ಮದುವೆಯ ದಿನದ ಗಡ್ಡ ಇವನ ಕೈಯಲ್ಲೇ ಆಗಬೇಕೆಂದು ಹಟ ಹಿಡಿದಿದ್ದವರು, ಲಕ್ವ ಹೊಡೆದ ಅಪ್ಪನ ಗಡ್ಡಕ್ಕೆ ಮನೆಗೆ ಕರೆಸಿಕೊಂಡವರು, ಅವರೇ ಇವರು. ಇಷ್ಟು ವರ್ಷ ಕಣ್ಣು ಮುಚ್ಚಿ ಗಂಟಲು ಒಡ್ಡಿದವರಿಗೆ ಒಂದು ಹಿಕ್ಕಿಗೆ ನಂಬಿಕೆ ಹಾರಿಹೋಯಿತು.

ಇವರೆಲ್ಲರ ಮೇಲೆ ಬಂದವರು ಬಿಂದು ಮೇಷ್ಟ್ರು. ನಿವೃತ್ತ ಡ್ರಿಲ್ ಮೇಷ್ಟ್ರು. ಈಗ ಅಕ್ಯುಪ್ರೆಶರ್ ಪಟವೊಂದನ್ನು ಮನೆಯ ಗೋಡೆಗೆ ಅಂಟಿಸಿಕೊಂಡು, ಮೊಂಡು ತುದಿಯ ಮರದ ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು, ಸಿಕ್ಕವರ ಮೈಯಲ್ಲಿ ಬಿಂದು ಹುಡುಕುತ್ತಿದ್ದರು. ವಯಸ್ಸಾದರೂ ತಲೆಗೂದಲು ಕಪ್ಪಾಗೇ ಇರಬೇಕೆಂಬ ಆಸೆ, ಬಣ್ಣ ಹಚ್ಚುತ್ತಿದ್ದವನೂ ನಿಧಾನಪ್ಪನೇ. ನಾಲ್ಕು ಜನ ನೋಡುತ್ತಿರುವಾಗ ಅವನನ್ನು ಅವನದೇ ಕುರ್ಚಿಯಲ್ಲಿ ಕೂರಿಸಿದರು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಕೆಳಗೆ ಒಳಗಡೆ ಒತ್ತಿದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿದರು. ಕಿವಿಯ ಹಾಲೆಯ ಹಿಂದಿನ ಗುಳಿಗೆ ಕಡ್ಡಿ ಇಟ್ಟರು. ಎದೆಮೂಳೆಯ ನಡುವೆ ಹೆಬ್ಬೆರಳೂರಿ, "ಉಸಿರು ನಿಧಾನಕ್ಕೆ ಬಿಡು, ನಿಧಾನಕ್ಕೆ" ಎಂದರು.

ಇದ್ದದ್ದನ್ನು ಇದ್ದಂತೆ ಹೇಳಬೇಕು, ಬಿಕ್ಕಳಿಕೆ ನಿಂತಿತು. ಎಲ್ಲರೂ ಕಾದರು. ನಿಂತೇ ಇತ್ತು.

"ಹೋಯ್ತು! ಬೇರುಸಮೇತ ಹೋಯ್ತು. ಇನ್ನು ಜನ್ಮದಲ್ಲಿ ಬರಲ್ಲ" ಎಂದು ಮೇಷ್ಟ್ರು ಕಡ್ಡಿ ಎತ್ತಿ ಸಾರಿದರು.

ನಿಧಾನಪ್ಪನ ಕಣ್ಣು ತುಂಬಿತು. ತಟ್ಟನೆ ಎದ್ದು, ಕುರ್ಚಿ ಒರೆಸಿ, ಒಗೆದ ಬಟ್ಟೆ ಕೊಡವಿ ಹಿಡಿದ. "ಕೂತ್ಕೊಳ್ಳಿ ಮೇಷ್ಟ್ರೇ. ನಿಮ್ಮದೇ ಮೊದಲ ಗಡ್ಡ, ಕಾಸು ಬೇಡ."

ಮೇಷ್ಟ್ರು ಗಲ್ಲ ಮುಟ್ಟಿಕೊಂಡರು. ಗಲ್ಲದಲ್ಲಿ ಮೂರು ದಿನದ ಗಡ್ಡ ಬಿಳಿಯಾಗಿ ಚುಚ್ಚುತ್ತಿತ್ತು. "ಇವತ್ತಾ? ಇವತ್ತು... ಬೆಳಿಗ್ಗೆ ತಾನೇ ಆಯ್ತಲ್ಲ" ಎಂದರು.

"ಎಲ್ಲಿ ಆಯ್ತು ಸ್ವಾಮೀ?"

ಮೇಷ್ಟ್ರು ಕಾಲಿಗೆ ಬುದ್ಧಿ ಹೇಳಿದರು. ಅವರು ಬೀದಿ ತಿರುಗುವ ಹೊತ್ತಿಗೆ, ಬಟ್ಟೆ ಹಿಡಿದು ನಿಂತಿದ್ದ ನಿಧಾನಪ್ಪನ ಎದೆಯಿಂದ ಮತ್ತೆ ಹಿಕ್ ಬಂತು. ಬೆಂಚಿನವರು "ನೋಡಿದ್ಯಾ, ನೋಡಿದ್ಯಾ" ಎಂದು ಒಬ್ಬರನ್ನೊಬ್ಬರು ತಿವಿದರು. ಇಂಥವರನ್ನು ಏನೆನ್ನಬೇಕು? ತಾನು ಕೊಟ್ಟ ಔಷಧಿಯ ಮೇಲೆ ತನಗೇ ನಂಬಿಕೆಯಿಲ್ಲದವನು ಊರಿಗೆಲ್ಲ ಏಕೆ ಹಂಚಬೇಕು?

ಮಾವನ ಗಡ್ಡದ ಸರದಿ ಬಂದಾಗ 'ಇವತ್ತು ಬೇಡ' ಎಂದು ಹೇಳಿಕಳಿಸಿದ್ದ ಹೆಂಡತಿಯ ತಮ್ಮ ಸಂಜೆ ತಾನೇ ಮನೆಗೆ ಬಂದ. ಕೂರಲಿಲ್ಲ, ನೀರೂ ಮುಟ್ಟಲಿಲ್ಲ.

"ಭಾವ, ನೀವು ತಪ್ಪು ತಿಳ್ಕೋಬೇಡಿ. ಅಪ್ಪನ ಚರ್ಮ ಈಗ ಕಾಗದದ ಹಾಗಾಗಿದೆ. ನಾಳೆಯಿಂದ ಮೂಲೆ ಅಂಗಡಿಯವನಿಗೆ ಮನೆಗೆ ಬರೋಕೆ ಹೇಳಿದೀನಿ."

"ಹೇಳೋಕೆ ನಿಂಗೆ ನಾಲಿಗೆ ಹೇಗೆ ಬಂತೋ?" ಎಂದು ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಅಪ್ಪ ಹೇಳಿದ್ನಾ? ನೀನೇ ಹೇಳ್ತಿದೀಯಾ?"

"ಅಪ್ಪನಿಗೆ ಇನ್ನೂ ಹೇಳಿಲ್ಲ" ಎಂದು ಅವನು ಚಪ್ಪಲಿ ಮೆಟ್ಟಿದ.

ಅವನು ಹೋದ ಮೇಲೆ ನಿಧಾನಪ್ಪ ಊಟದ ತಟ್ಟೆ ಸರಿಸಿ, "ಮಾವನೂ ಬೇಡ ಅಂದ್ಬಿಟ್ರೆ ನಾನು ಕತ್ತಿ ಮುಟ್ಟಲ್ಲ ಕಣೇ. ಎಲ್ಲಾದ್ರೂ ವಾಚ್‌ಮನ್ ಕೆಲ್ಸ ನೋಡ್ಕೋತೀನಿ. ಗೇಟು ಕಾಯೋನಿಗೆ ಬಿಕ್ಕಳಿಕೆ... ಹಿಕ್... ಅಡ್ಡಿಯಿಲ್ಲ" ಎಂದ. ಹೆಂಡತಿಗೆ ಅವನು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಿತು. ಅವಳು ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳುವ ಧೈರ್ಯ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಅಂಗಡಿ ತೆರೆದು, ಅಭ್ಯಾಸಬಲದಿಂದ ತೊಗಲಿನ ಪಟ್ಟಿಗೆ ಕತ್ತಿ ಮಸೆಯುತ್ತಿದ್ದ. ಬೆಂಚು ಎಂದಿನಂತೆ ಭರ್ತಿ, ಕುರ್ಚಿ ಎಂದಿನಂತೆ ಖಾಲಿ. ಆಗ ಬೀದಿಯಲ್ಲಿ ಗದ್ದಲ ಕೇಳಿತು. ಮುದುಕ ಕೋಲೂರಿಕೊಂಡು ಬರುತ್ತಿದ್ದ. ಹಿಂದೆ ಮಗ, "ಅಪ್ಪಾ, ನನ್ನ ಮಾತು ಕೇಳು" ಎಂದು ಗೋಗರೆಯುತ್ತಿದ್ದ. ಮುದುಕನ ಬಲಗೆನ್ನೆಯ ಮೇಲೆ ಒಣಗಿದ ನೊರೆಯಿತ್ತು. ಮೂಲೆ ಅಂಗಡಿಯವನು ಹಚ್ಚಿದ ನೊರೆ, ಮುದುಕ ಅರ್ಧಕ್ಕೇ ಅವನನ್ನು ಓಡಿಸಿ ಬಂದಿದ್ದ.

ಕೋಲನ್ನು ಮಗನ ಕೈಗೆ ತುರುಕಿ ಮುದುಕ ಕುರ್ಚಿಯಲ್ಲಿ ಕೂತ. ತಲೆ ಹಿಂದಕ್ಕೆ ಚೆಲ್ಲಿ, ಸುಕ್ಕುಗಟ್ಟಿದ ಗಂಟಲು ಎತ್ತಿಕೊಟ್ಟ.

"ಕೆನ್ನೆ ಆಮೇಲೆ. ಗಂಟಲಿಂದ ಶುರು ಮಾಡು."

"ಮಾವ, ನಂಗೆ ಬಿಕ್ಕಳಿಕೆ..."

"ನಂಗೆ ಕಿವುಡಿಲ್ಲ. ಶುರು ಮಾಡು."

ನಿಧಾನಪ್ಪ ನೊರೆ ಹಚ್ಚಿದ. ಉಸಿರು ಹಿಡಿದ. ಗಂಟಲಮಣಿಯ ಪಕ್ಕದಿಂದ ಕತ್ತಿ ಮೇಲಕ್ಕೆ ಸರಿಯಿತು. ಎತ್ತಿದ, ಒರೆಸಿದ, ಉಸಿರು ಬಿಟ್ಟ. ಹಿಕ್. ಬೆಂಚಿನ ಮೇಲೆ ಒಬ್ಬ ಕಣ್ಣು ಮುಚ್ಚಿಕೊಂಡ. ಮತ್ತೆ ಉಸಿರು ಹಿಡಿದ, ಮತ್ತೆ ಒಂದು ಎಳೆತ, ಮತ್ತೆ ಹಿಕ್. ಮುದುಕನ ರೆಪ್ಪೆ ಅಲುಗಲಿಲ್ಲ. ಅರ್ಧ ಗಂಟೆ ಹಿಡಿಯಿತು ಆ ಗಡ್ಡ. ಮುಗಿದಾಗ ನಿಧಾನಪ್ಪನ ಅಂಗಿ ಬೆನ್ನಿಗೆ ಅಂಟಿತ್ತು, ಮಾವನ ಗಂಟಲ ಮೇಲೆ ಒಂದು ಗೀರೂ ಇರಲಿಲ್ಲ.

ಮುದುಕ ಅಂಗೈಯಿಂದ ಸವರಿಕೊಂಡ. "ಹೂಂ" ಎಂದ. ಆಮೇಲೆ ಬೆಂಚಿನ ಕಡೆ ತಿರುಗಿ, "ಬಾಯಿ ಇರೋರು ಎದ್ದು ಹೋಗಿ. ಗಡ್ಡ ಇರೋರು ಬಂದು ಕೂತ್ಕೊಳ್ಳಿ" ಎಂದ. ಬೆಂಚು ಖಾಲಿಯಾಯಿತು, ಕುರ್ಚಿಗೆ ಯಾರೂ ಬರಲಿಲ್ಲ. ಮುದುಕ ಉಗುಳುವವನಂತೆ ಬಾಯಿ ಮಾಡಿ, ಗದ್ದಲ ಕೇಳಿ ಓಡಿಬಂದಿದ್ದ ಮಗಳಿಗೆ, "ಇವನನ್ನ ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗಮ್ಮಾ. ಅಂಗಡೀಲಿ ನಾನು ಕೂತಿರ್ತೀನಿ" ಎಂದ.

ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರೊಬ್ಬಳು ಎಲ್ಲ ಕೇಳಿಸಿಕೊಂಡು, ಹೊಟ್ಟೆ ಒತ್ತಿ, ಗಂಟಲು ನೋಡಿ, ಕೊನೆಗೆ ಕಿವಿ ತೋರಿಸಿ ಎಂದಳು. ನಿಧಾನಪ್ಪನ ಮೈ ಉರಿಯಿತು. ಬಿಕ್ಕಳಿಕೆ ಎದೆಯಲ್ಲಿ, ಇವಳಿಗೂ ಕಿವಿ! ಎದ್ದು ಹೊರಟವನನ್ನು ಹೆಂಡತಿ ಭುಜ ಹಿಡಿದು ಕೂರಿಸಿದಳು. ಡಾಕ್ಟರು ದೀಪದ ಕೊಳವೆಯಲ್ಲಿ ಇಣುಕಿ, ಸಣ್ಣ ಚಿಮಟದಿಂದ ಏನನ್ನೋ ಹೊರಗೆಳೆದು ಬಿಳಿ ಹತ್ತಿಯ ಮೇಲಿಟ್ಟಳು.

ಒಂದು ಕೂದಲು. ಕಿವಿಯ ತಮಟೆಗೆ ತಾಗಿ ನಿಂತಿತ್ತಂತೆ. ಅಲ್ಲಿ ಕೆರಳಿದರೆ ಕೆಲವರಿಗೆ ಹೀಗೆ ಬಿಕ್ಕಳಿಕೆ ಹಿಡಿದುಕೊಳ್ಳುವುದುಂಟು ಎಂದಳು ಡಾಕ್ಟರು. "ಕಿವಿಗೆ ಏನಾದ್ರೂ ಹಾಕ್ಕೋತೀರಾ?"

ಹೆಂಡತಿ ಗಂಡನ ಮುಖ ನೋಡಿದಳು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೇ ಚೆನ್ನಾಗಿತ್ತು.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ, ತಾನು ಬಿಕ್ಕಳಿಸಿ ಬಹಳ ಹೊತ್ತಾಯಿತೆಂದು ಅವನಿಗೆ ಗೊತ್ತಾಯಿತು. ಅಂಗಡಿಗೆ ಬಂದು, ಹತ್ತಿಯಲ್ಲಿ ಸುತ್ತಿ ತಂದಿದ್ದ ಕೂದಲನ್ನು ಮಾವನಿಗೆ ತೋರಿಸಿದ. "ನೋಡಿ ಮಾವ, ಬುಡ ಬಿಳಿ, ತುದಿ ಕಪ್ಪು. ಇದು ಆ ಮೇಷ್ಟ್ರ ಕೂದಲೇ! ನನ್ನ ಕಿವಿಯೊಳಗೆ ಕೂತಿದ್ದೋನು ಅವ್ರೇ, ಹೊರಗೆ ನಿಂತು ಒತ್ತಿದೋರೂ ಅವ್ರೇ!"

"ಕೂದಲು ಯಾರದ್ದಾದ್ರೇನು, ಕಿವಿಗೆ ಬಾಚಣಿಗೆ ಹಾಕಿದೋನು ನೀನು" ಎಂದ ಮುದುಕ.

ಸುದ್ದಿ ಹಬ್ಬಿತು. ವಾರದೊಳಗೆ ಬೆಂಚು ತುಂಬಿತು, ಕುರ್ಚಿಯೂ ತುಂಬಿತು. ಇಲ್ಲಿ ಸಿಟ್ಟು ಬರುವುದು ಯಾಕೆಂದರೆ, ಒಬ್ಬನ ಮುಖದಲ್ಲೂ ಸಂಕೋಚವಿರಲಿಲ್ಲ. ಬದಲಿಗೆ ಸಕ್ಕರೆ ಕೊಟ್ಟವನು ಸಕ್ಕರೆಯಿಂದಲೇ ಹೋಯಿತೆಂದ, ಚೀಲ ಹಿಡಿಸಿದವನು ಚೀಲದ ಮಹಿಮೆ ಎಂದ. ಬಿಂದು ಮೇಷ್ಟ್ರಂತೂ, "ನಾನು ಕಿವಿ ಹಿಂದೆ ಒತ್ತಿದ್ದಕ್ಕೇ ಕೂದಲು ಸಡಿಲ ಆಗಿದ್ದು" ಎನ್ನುತ್ತಾ ಬಂದು, ಕುರ್ಚಿಯಲ್ಲಿ ಕೂತು ಗಂಟಲು ಎತ್ತಿದರು. ಮುದುಕ ಬೆಂಚಿನ ಮೂಲೆಯಲ್ಲಿ ಕೋಲಿನ ಮೇಲೆ ಗಲ್ಲವಿಟ್ಟು ನೋಡುತ್ತಿದ್ದ.

ನಿಧಾನಪ್ಪ ನೊರೆ ಹಚ್ಚಿದ. ಕತ್ತಿ ತೆಗೆದುಕೊಂಡ. ಕುರ್ಚಿಯಿಂದ ಒಂದು ಹೆಜ್ಜೆ ಹಿಂದೆ ಸರಿದು, ಕತ್ತಿಯನ್ನು ತನ್ನ ಬೆನ್ನ ಹಿಂದೆ ಹಿಡಿದು, ಎದೆ ತುಂಬಿ ಬೀದಿಗೆಲ್ಲ ಕೇಳುವಂತೆ, "ಹಿಕ್!" ಎಂದ.

ಮೇಷ್ಟ್ರು ಬಟ್ಟೆ ಸಮೇತ ಬಾಗಿಲಿಗೆ ಹಾರಿದರು. ಮುಖದ ನೊರೆ ಅಂಗಿಗೆ ಇಳಿಯುತ್ತಿತ್ತು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಎಂದ ನಿಧಾನಪ್ಪ. "ಹೆದರಿಸೋದೂ ಒಂದು ಮದ್ದು ಅಂತ ನೀವೆಲ್ಲ ನಂಗೆ ಕೊಟ್ರಲ್ಲ. ಉಳಿದಿತ್ತು, ವಾಪಸ್ ಕೊಟ್ಟೆ."

ಬೆಂಚಿನವರು ನಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೂಲೆಯಿಂದ "ಹೂಂ" ಕೇಳಿಸಿತು. ಮೇಷ್ಟ್ರು ಬೇರೆ ದಾರಿಯಿಲ್ಲದೆ, ಅರ್ಧ ನೊರೆಯ ಮುಖ ಹೊತ್ತು ಬಂದು ಕೂತರು. ಕುರ್ಚಿಯ ಕೈ ಬಿಗಿಹಿಡಿದು ಗಂಟಲು ಎತ್ತಿದರು. ನಿಧಾನಪ್ಪ ಉಸಿರು ಹಿಡಿದು, ಕಾಲು ಗಂಟೆ ತೆಗೆದುಕೊಂಡು, ಎಲ್ಲೂ ಒಂದು ಗೀರಿಲ್ಲದಂತೆ ಅವರ ಗಡ್ಡ ತೆಗೆದ.