ಚೀನಾದ ಬೇರು, ಸುಂಕಮ್ಮತ್ತೆಯ ಉಪ್ಪಿನಕಾಯಿ

ಮೊನ್ನೆ ಅಂಗಡಿಯಲ್ಲಿ ಹೊಸ ಜೀನ್ಸ್ ಪ್ಯಾಂಟೊಂದನ್ನು ಬಿಡಿಸಿದೆ. ಗಂಜಿಯೂ ನೀಲಿ ಬಣ್ಣವೂ ಕೂಡಿದ ಆ ಘಾಟು ನಿಮಗೂ ಗೊತ್ತಿರುತ್ತದೆ. ನನಗೆ ಮಾತ್ರ ಅದು ಸುಂಕಮ್ಮತ್ತೆಯ ಸೆರಗಿನ ವಾಸನೆ. ನಮ್ಮಪ್ಪನ ತಂಗಿಯಾದ ಅವಳು ಗುಮ್ಮಘಟ್ಟದ ಕುರಿಮಂದೆ ಬಿಟ್ಟು ರಾಯದುರ್ಗಕ್ಕೆ ಬಂದು, ಅರ್ಧ ಆಯುಷ್ಯ ಜೀನ್ಸ್ ಹೊಲಿದವಳು.

ಕೆಲವು ವರ್ಷಗಳ ಹಿಂದೆ ನಾನು ಹೊಸದಾಗಿ ಪ್ರಯೋಗಾಲಯವೊಂದನ್ನು ಸೇರಿದ್ದೆ. ಚೀನಾದ ನಾಟಿ ವೈದ್ಯದಲ್ಲಿ ಬಳಸುವ ಹಳದಿ ಬೇರಿನ ಸಾರವನ್ನು, ತಟ್ಟೆಯಲ್ಲಿ ಬೆಳೆಸಿದ ಅಂಡಾಶಯದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು ನನ್ನ ಕೆಲಸ. ಕೋಶಗಳು ಸತ್ತವು. ಸತ್ತದ್ದೇ ತಡ, ನನಗೆ ಕೋಡು ಮೂಡಿತು. ಊರಿಗೆ ಓಡಿ ಅತ್ತೆಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಅವಳಿಗೂ ಅದೇ ಕಾಯಿಲೆ. ಬಳ್ಳಾರಿಯಲ್ಲಿ ಆಪರೇಷನ್ ಆಗಿ ಕೀಮೋ ನಡೆಯುತ್ತಿತ್ತು. ಧೈರ್ಯ ತುಂಬಲು ತೋರಿಸಿದೆ ಎಂದರೆ ಅರ್ಧ ನಿಜ. ಉಳಿದರ್ಧ ಜಂಬ.

ಕೆಲವು ವಾರಗಳ ಮೇಲೆ ಮಾವನ ಫೋನು ಬಂತು. "ನಿಮ್ಮತ್ತಿ ಬಳ್ಳಾರಿಗೆ ಒಲ್ಲೆ ಅಂತಾಳಮ್ಮ. ಯಾರೋ ಚೀನಾ ಬೇರಿನ ಪುಡಿ ಅಂತ ಮಾರಿಹೋಗ್ಯಾರ, ಅದನ್ನ ಹಾಲಿನಾಗ ಕಲಸಿ ಕುಡಿಯಾಕ ಹತ್ಯಾಳ. ಯಾಕ ಅಂದ್ರ, ನಮ್ಮ ಹುಡುಗೀನೇ ಕಂಡುಹಿಡಿದಾಳ ಅಂತಾಳ."

ಫೋನಿನಲ್ಲಿ ಎಷ್ಟು ಗೋಗರೆದರೂ ಅತ್ತೆ ಕೇಳಲಿಲ್ಲ. ಕೊನೆಗೊಂದು ಕಿತಾಪತಿ ಮಾಡಿದೆ. ನಮ್ಮ ಗೈಡ್ ಮೇಡಂ ಊಟಕ್ಕೆ ಹೋದ ಹೊತ್ತು ನೋಡಿ, ಅತ್ತೆ ಕಟ್ಟಿಕೊಟ್ಟಿದ್ದ ನಿಂಬೆ ಉಪ್ಪಿನಕಾಯಿಯ ರಸವನ್ನು, ಎಸೆಯಲು ಇಟ್ಟಿದ್ದ ಕೋಶಗಳ ಮೇಲೆ ಸುರಿದು ವಿಡಿಯೋ ತೆಗೆದೆ. ಚೀನಾದ ಬೇರು ಎರಡು ದಿನ ಹಿಡಿದ ಕೆಲಸವನ್ನು ಉಪ್ಪಿನಕಾಯಿ ನನ್ನ ಕಣ್ಣೆದುರೇ ಮುಗಿಸಿಬಿಟ್ಟಿತು!

ಮರುದಿನ ರಾಯದುರ್ಗದ ಬಸ್ಸು ಹತ್ತಿದೆ. ಅತ್ತೆ ವಿಡಿಯೋ ನೋಡಿ ಹುಬ್ಬೇರಿಸಿದಳು.

"ಇದ್ಯಾವ ಔಷಧೀನೆ?"

"ನಿನ್ನ ಉಪ್ಪಿನಕಾಯಿ, ಅತ್ತಿ."

"ಹಂಗಾರ ಇನ್ನ ಮ್ಯಾಲ ಬರೇ ಉಪ್ಪಿನಕಾಯಿ ತಿನ್ಲೇನು?"

ನಾನು ಬೆಚ್ಚಿಬಿದ್ದೆ. ಅವಳು ಹೊಟ್ಟೆಯ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೆ ಅವಳ ದನಿ ಬದಲಾಯಿತು.

"ತುಂಡು ಬಟ್ಟಿಗೆ ಬಣ್ಣ ಚಲೋ ಬಂತು ಅಂತ ಸಾವಿರ ಪ್ಯಾಂಟಿಗೆ ಸುರೀತೀವೇನು? ಒಗದು ನೋಡ್ಬೇಕು, ತೊಟ್ಟು ನೋಡ್ಬೇಕು. ತಟ್ಟ್ಯಾಗಿಂದು ಬ್ಯಾರೆ, ಮೈಯಾಗಿಂದು ಬ್ಯಾರೆ ಅಂತ ನೀ ಮದ್ಲ ಯಾಕ ಹೇಳಲಿಲ್ಲ?"

"ಜಂಬ, ಅತ್ತಿ," ಎಂದೆ.

ಪುಡಿಯನ್ನು ಬಚ್ಚಲಿಗೆ ಸುರಿದು ನನ್ನ ಜೊತೆ ಬಳ್ಳಾರಿಗೆ ಹೊರಟಳು. ಕೀಮೋ ತಪ್ಪಿಸಿದ್ದಕ್ಕೆ ಡಾಕ್ಟರು ಬೈಯತೊಡಗಿದಾಗ, "ಬೈಯೂದು ಈಕಿಗೆ ಬೈರ್ರಿ," ಎಂದು ನನ್ನತ್ತ ಬೆರಳು ಮಾಡಿದಳು. ತಲೆ ತಗ್ಗಿಸಿ ಎಲ್ಲ ಬೈಸಿಕೊಂಡೆ. ಕೀಮೋ ಮುಗಿಯಿತು, ಕೂದಲು ಮತ್ತೆ ಬಂತು. ತಪಾಸಣೆಗೆ ಅತ್ತೆ ಈಗಲೂ ತಪ್ಪದೆ ಹೋಗಿಬರುತ್ತಾಳೆ.

ನಾನಿನ್ನೂ ಬೇರುಗಳ ಬೆನ್ನು ಹತ್ತಿಯೇ ಇದ್ದೇನೆ. ಇವತ್ತು ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನನ್ನ ಕೆಲಸ ಏನೆಂದು ತಿಳಿದು, "ಕ್ಯಾನ್ಸರಿಗೆ ಔಷಧಿ ಸಿಕ್ತೇನ್ರಿ?" ಎಂದಳು.

"ಇಲ್ರಿ. ಇನ್ನೂ ಭಾಳ ದೂರ ಐತ್ರಿ."

ಅವಳ ಮುಖ ಸಣ್ಣದಾಯಿತು. ಹಿಂದಾಗಿದ್ದರೆ ಆ ಮುಖ ಅರಳಿಸಲು ಏನಾದರೊಂದು ಹೇಳಿಬಿಡುತ್ತಿದ್ದೆ. ಈಗ ಅವಳತ್ತ ತಿರುಗಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದೆ.