ಅಕ್ಕ ನಮ್ಮ ಮನೆಯಲ್ಲಿ ಉಳಿದ ಬೇಸಿಗೆ

ಶಿವಮೊಗ್ಗದಲ್ಲಿ ಮನೆ ಕಟ್ಟಿಸೋಣ ಎಂದು ಹಟ ಹಿಡಿದವಳು ನಾನೇ. ಮದುವೆಯಾದಾಗಿನಿಂದ ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇದ್ದೆವು. ಅಗಲವಾದ ರಸ್ತೆ, ಎರಡೂ ಬದಿಗೆ ದೊಡ್ಡ ಮರಗಳು, ಸೈರನ್ನಿಗೆ ಸರಿಯಾಗಿ ಏಳುವ, ಉಣ್ಣುವ ಜನ. ಅಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಗೋಡೆಗೊಂದು ಮೊಳೆ ಹೊಡೆಯುವಾಗಲೆಲ್ಲ ಇದು ನಮ್ಮದಲ್ಲ ಎಂದು ನೆನಪಾಗುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮೆಜಮಾನರು ಸ್ವಯಂ ನಿವೃತ್ತಿ ತೆಗೆದುಕೊಂಡಾಗ ಕ್ವಾರ್ಟರ್ಸ್ ಬಿಡಬೇಕಾಯಿತು. ಅವರಿಗೆ ಭದ್ರಾವತಿ ಬಿಡುವ ಮನಸ್ಸಿರಲಿಲ್ಲ. ಹಳೇ ಟೌನಿನಲ್ಲಿ, ತಮ್ಮ ಅಕ್ಕನ ಮನೆಯ ಹತ್ತಿರವೇ ಒಂದು ಮನೆ ನೋಡಿಟ್ಟಿದ್ದರು. ನಾನು ಒಪ್ಪಲಿಲ್ಲ. ಒಳ್ಳೆಯ ಆಸ್ಪತ್ರೆ, ಮಾರ್ಕೆಟ್ಟು, ಎಲ್ಲಿಗೆ ಹೋಗಬೇಕೆಂದರೂ ಬಸ್ಸು, ಎಲ್ಲ ಇರುವುದು ಶಿವಮೊಗ್ಗದಲ್ಲಿ ಎಂದೆ. ಮಗಳು ಮದುವೆಯಾಗಿ ದಾವಣಗೆರೆಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ, ಇಬ್ಬರಲ್ಲಿ ನನ್ನ ದನಿಯೇ ದೊಡ್ಡದು.

ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಎದ್ದಿತು. ಮೊದಲ ಬೇಸಿಗೆ ಬರುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಅಡುಗೆಮನೆಯ ಗೋಡೆ ಪಶ್ಚಿಮಕ್ಕಿದೆ ಎಂಬುದರ ಅರ್ಥ ತಿಳಿಯಿತು. ಮಧ್ಯಾಹ್ನದ ಮೇಲೆ ಅದನ್ನು ಮುಟ್ಟಿದರೆ ಒಲೆಯ ಮೇಲಿನ ಪಾತ್ರೆ ಮುಟ್ಟಿದ ಹಾಗೆ. ಫ್ಯಾನು ತಾರಸಿಯ ಬಿಸಿಯನ್ನೇ ಕೆಳಗಿಳಿಸಿ ಮುಖಕ್ಕೆ ಊದುತ್ತಿತ್ತು. ಸುತ್ತ ಖಾಲಿ ಸೈಟುಗಳು, ಅವುಗಳ ತುಂಬ ಕಾಂಗ್ರೆಸ್ ಗಿಡ, ಅಲ್ಲಲ್ಲಿ ಜಲ್ಲಿಯ ರಾಶಿ. ನೆರಳಿಗೆಂದು ಒಂದು ಮರವಿಲ್ಲ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ, ಅದೂ ಇಂಥ ಹೊತ್ತಿಗೆಂದು ಹೇಳುವಂತಿಲ್ಲ. ನೀರಿಗೆ ಕಾಯುತ್ತ ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ. ನೀರು ಬಾರದ ದಿನವೂ ಓಡಾಡುತ್ತಿದ್ದೆ. ಕೂತರೆ ಏನೋ ಮರೆತಂತೆ, ಎದ್ದರೆ ಏನು ಮಾಡಲು ಎದ್ದೆ ಎಂದು ತಿಳಿಯದು.

ಬಡಾವಣೆಯವರೆಲ್ಲ ಬೇರೆ ಕಡೆಯಿಂದ ಬಂದವರು. ಬಸ್‌ಸ್ಟಾಪಿನಲ್ಲಿ ಇಬ್ಬರು ಸೇರಿದರೆ ಇದೇ ಮಾತು, ಈ ಊರು ಇರುವುದಕ್ಕೆ ಹೇಗೆ ಎಂದು. ಚಿತ್ರದುರ್ಗದಿಂದ ವರ್ಗವಾಗಿ ಬಂದ ಮೇಷ್ಟರಿಗೆ ಇದು ತಂಪು ಊರು. ತೀರ್ಥಹಳ್ಳಿಯಿಂದ ಬಂದ ಬ್ಯಾಂಕಿನವರ ಹೆಂಡತಿಗೆ ಇದು ಕಾದ ಹೆಂಚು. ನಾನು ಇಬ್ಬರಿಗೂ ಹೌದು ಎನ್ನುತ್ತಿದ್ದೆ. ಆದರೆ ಯಾರ ಮನೆಗೂ ಹೋಗಿ ಕೂತವಳಲ್ಲ. ಎದುರುಮನೆಯವರದು ಲಾರಿ ರಿಪೇರಿಯ ಗ್ಯಾರೇಜು. ಮನೆಯೊಳಗೆ ಅವರ ಉರ್ದು, ನಮ್ಮೊಡನೆ ಕನ್ನಡ. ಆ ಮನೆಯ ಹೆಂಗಸು ಗೇಟಿನಲ್ಲಿ ಕಂಡರೆ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಅಲ್ಲಿಗೆ ಮುಗಿಯಿತು.

ನಮ್ಮೆಜಮಾನರ ಅಕ್ಕನನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಹಳೇ ಟೌನಿನಿಂದ ಬಂದಾಗಲೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅವರು ಅದೇ ಮಾತು ತೆಗೆಯುತ್ತಿದ್ದರು.

“ಬೆಂದು ಹೋಗ್ತೀರಲ್ಲೇ ಇಲ್ಲಿ. ನಮ್ಮಲ್ಲಿ ಹಿತ್ತಲ ಬಾಗಿಲು ತೆಗೆದ್ರೆ ಹೊಳೆ ಗಾಳಿ. ಯಾಕೆ ಬೇಕಿತ್ತು ಮಾರಾಯ್ತಿ ನಿನಗೆ ಈ ಊರು?”

“ಸಂಜೆ ಹೊತ್ತು ತಾರಸಿ ಮೇಲೆ ಚೆನ್ನಾಗಿರುತ್ತೆ ಅಕ್ಕ” ಎನ್ನುತ್ತಿದ್ದೆ. ಅಕ್ಕ ಬಸ್ಸು ಹತ್ತಿದ ಮೇಲೆ ಯಜಮಾನರ ಮುಖ ನೋಡುವುದಕ್ಕೂ ಆಗುತ್ತಿರಲಿಲ್ಲ. ಅವರು ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ, ಅದೇ ನನಗೆ ಕಷ್ಟ.

ಹೊಸ ಮನೆಗೆ ಬಂದು ಎರಡು ಮಳೆಗಾಲ ಕಳೆದ ಮೇಲೆ ಅಕ್ಕನ ಮಗಳು ಎರಡನೇ ಪಿಯುಸಿ ಮುಗಿಸಿದಳು. ಸಿಇಟಿ ಪರೀಕ್ಷೆಗೆ ಶಿವಮೊಗ್ಗದಲ್ಲಿ ಕೋಚಿಂಗ್ ಕ್ಲಾಸು, ಬೆಳಿಗ್ಗೆಯೂ ಇತ್ತು, ಸಂಜೆಯೂ ಇತ್ತು. ದಿನಾ ಬಸ್ಸಿನಲ್ಲಿ ಓಡಾಡಿದರೆ ಹುಡುಗಿ ಓದುವುದು ಯಾವಾಗ ಎಂದು ಅಕ್ಕನ ಚಿಂತೆ. ಅದೇ ಹೊತ್ತಿಗೆ ನಮ್ಮೆಜಮಾನರನ್ನು ಹಳೆಯ ಪರಿಚಯದ ಗುತ್ತಿಗೆದಾರರೊಬ್ಬರು ಕಾರ್ಖಾನೆಯ ಬೇಸಿಗೆಯ ರಿಪೇರಿ ಕೆಲಸಕ್ಕೆ ಭದ್ರಾವತಿಗೆ ಕರೆದರು. ಶಿಫ್ಟಿನ ಕೆಲಸ, ಹತ್ತಿರವೇ ಇದ್ದರೆ ಒಳ್ಳೆಯದು. ಅಕ್ಕನೇ ಉಪಾಯ ಹೇಳಿದರು.

“ನಾನೂ ಮಗಳೂ ನಿಮ್ಮ ಮನೇಲಿ ಇರ್ತೀವಿ. ನೀವಿಬ್ರೂ ನಮ್ಮನೆಗೆ ಹೋಗಿ. ಇವರಿಗೂ ಊಟಕ್ಕಾಗುತ್ತೆ. ಹೊಳೆ ಗಾಳಿ ಅಂದ್ರೆ ಏನು ಅಂತ ನಿನಗೂ ಗೊತ್ತಾಗ್ಲಿ.”

‘ಇವರು’ ಎಂದರೆ ಅಕ್ಕನ ಯಜಮಾನರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಮನೆಯ ಮುಂಭಾಗದಲ್ಲೇ ಅವರ ಹಿಟ್ಟಿನ ಗಿರಣಿ. ಅದನ್ನು ಬಿಟ್ಟು ಅವರು ಎಲ್ಲಿಗೂ ಕದಲುವವರಲ್ಲ.

ಹೊಳೆ ಗಾಳಿಯ ಮಾತು ಸುಳ್ಳಾಗಿರಲಿಲ್ಲ. ಹೆಂಚಿನ ಮನೆ, ನಡುಮನೆಯ ನೆಲ ತಣ್ಣಗೆ, ಹಿತ್ತಲ ಬಾಗಿಲಲ್ಲಿ ನಿಂತರೆ ಭದ್ರೆಯ ಕಡೆಯಿಂದ ಬರುವ ಗಾಳಿಗೆ ಕುತ್ತಿಗೆಯ ಬೆವರು ಆರುತ್ತಿತ್ತು. ಯಜಮಾನರು ಅರ್ಧ ವಯಸ್ಸು ಇಳಿದವರಂತೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ದಾರಿಯುದ್ದಕ್ಕೂ ಅವರಿಗೆ ಗುರುತಿನವರು, ತಮಿಳಿನಲ್ಲಿ ಕರೆದವರಿಗೆ ತಮಿಳು, ತೆಲುಗಿನಲ್ಲಿ ಕರೆದವರಿಗೆ ತೆಲುಗು. ಶಿವಮೊಗ್ಗದಲ್ಲಿ ಇಷ್ಟು ಮಾತಾಡುವ ಗಂಡ ನನಗೆ ಸಿಕ್ಕಿರಲಿಲ್ಲ.

ಮೊದಲ ವಾರ ನಾನೂ ಸುಖವಾಗಿದ್ದೆ. ಆಮೇಲೆ ಗಿರಣಿಯ ಸದ್ದು ತಲೆಯೊಳಗೆ ಕೂತಿತು. ಬೆಲ್ಟು ಪಟಪಟ ಎನ್ನುವುದು ನಿಂತ ಮೇಲೂ ನನ್ನ ಕಿವಿಯಲ್ಲಿ ಅದು ತಿರುಗುತ್ತಿತ್ತು. ಒರೆಸಿದ ಜಾಗದ ಮೇಲೆ ಮತ್ತೆ ಹಿಟ್ಟಿನ ಪುಡಿ. ಮೆಣಸಿನಕಾಯಿ ಬೀಸಿದ ದಿನ ಒಳಗಿದ್ದವರೆಲ್ಲ ಸೀನುವುದು. ಹಿಟ್ಟು ಬೀಸಿಸಲು ಬಂದ ಹೆಂಗಸರು ಸರದಿ ಬರುವವರೆಗೆ ಒಳಗೆ ಇಣುಕುತ್ತಿದ್ದರು. “ಏನಡುಗೆ ಮಾಡಿದ್ರಿ?” “ಮಗಳಿಗೆ ಇನ್ನೂ ಮಕ್ಕಳಾಗ್ಲಿಲ್ವಾ?” “ಅಷ್ಟು ದೊಡ್ಡ ಮನೆ ಕಟ್ಟಿಸಿ ಯಾಕೆ ಬಿಟ್ಟು ಬಂದ್ರಿ?” ಬಿಟ್ಟು ಬಂದಿಲ್ಲ, ಸ್ವಲ್ಪ ದಿನಕ್ಕೆ ಬಂದಿದ್ದೀವಿ ಎಂದು ಹೇಳಿ ಹೇಳಿ ಸಾಕಾಯಿತು. ನಾನು ಸೊಪ್ಪು ತರಲು ಹೋಗಿ ವಾಪಸು ಬರುವಷ್ಟರಲ್ಲಿ ಯಾವ ಸೊಪ್ಪು ಎಂಬುದು ಗಿರಣಿಗೆ ತಲುಪಿರುತ್ತಿತ್ತು. ಬಿಸಿಲು ಕಾಡದ ಮನೆಯಲ್ಲೂ ನಾನು ಒಳಗೂ ಹೊರಗೂ ಓಡಾಡಲು ಶುರುಮಾಡಿದೆ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಣ್ಣ ಊಟಕ್ಕೆ ಕೂತರು. ಮಾತಿಗೆಂದು ಹೇಳಿದೆ, “ಅಕ್ಕ ಹೊಳೆ ಗಾಳೀನ ಅಷ್ಟು ಹೊಗಳ್ತಿದ್ದದ್ದು ಸುಮ್ಮನೆ ಅಲ್ಲ ಅಣ್ಣ.”

ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. “ಹೊಗಳ್ತಿದ್ಲಾ? ಯಾರ ಹತ್ರ?”

“ನನ್ನ ಹತ್ರ. ಬಂದಾಗಲೆಲ್ಲ.”

“ನನ್ನ ಹತ್ರ ಹೇಳಿಲ್ಲಮ್ಮ. ಈ ಮನೆಗೆ ಬಂದಾಗಿನಿಂದ ಅವಳು ಹೇಳಿರೋದು ಒಂದೇ. ಬೇರೆ ಎಲ್ಲಾದ್ರೂ ಹೋಗೋಣ ಅಂತ. ನಾನೂ ಹೂಂ ಅಂತಾ ಬಂದೆ.” ಇಷ್ಟು ಹೇಳಿ ಸಾರು ಹಾಕಿಸಿಕೊಂಡರು.

ಪರೀಕ್ಷೆ ಮುಗಿಯಿತು. ನಾನು ಬಟ್ಟೆಗಳನ್ನು ಮಡಚಿಟ್ಟು ಕಾದೆ. ಅಕ್ಕ ಬರಲಿಲ್ಲ. ಗಿರಣಿಗೆ ಫೋನ್ ಮಾಡಿ ಹುಡುಗಿಗೆ ಆಯಾಸವಾಗಿದೆ, ಎರಡು ದಿನ ಇದ್ದು ಬರುತ್ತೇವೆ ಎಂದರು. ಆಮೇಲೆ ರಿಸಲ್ಟು ಬರಲಿ ಎಂದರು. ಅದಾದ ಮೇಲೆ ಹುಡುಗಿಯೊಬ್ಬಳೇ ಚೀಲ ಹಿಡಿದು ಬಸ್ಸಿನಿಂದಿಳಿದು ಬಂದಳು. “ಅಮ್ಮ ಈಗಲೇ ಬರಲ್ವಂತೆ ಅತ್ತೆ” ಎಂದು ನನಗೆ ಹೇಳಿ, ಅಪ್ಪನ ಮುಖ ನೋಡದೆ ಒಳಗೆ ಹೋದಳು. ಅಣ್ಣ ಬೀಸುತ್ತಿದ್ದ ರಾಗಿಯನ್ನು ಬೀಸಿ ಮುಗಿಸಿದರು.

ನನಗೆ ಸಿಟ್ಟು ಬಂತು. ಬೇಡ ಬೇಡವೆಂದು ಬೈದುಕೊಂಡಿದ್ದ ಮನೆ, ಬೇರೆಯವರು ಬಿಡುವುದಿಲ್ಲ ಎಂದೊಡನೆ ನನಗೆ ಬೇಕಾಯಿತು. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ನನ್ನ ಮನೆಯಲ್ಲೇ ಒಂದು ಗಳಿಗೆ ದಿಕ್ಕು ತಪ್ಪಿ ನಿಂತೆ. ಮಂಚ ಕಿಟಕಿಯ ಕಡೆಯಿಂದ ಬಾಗಿಲ ಕಡೆಗೆ ಬಂದಿತ್ತು. ಅಡುಗೆಮನೆಯ ಪಶ್ಚಿಮದ ಗೋಡೆಯ ಹೊರಗೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸಿದ್ದರು. ಗೋಡೆ ಮುಟ್ಟಿ ನೋಡಿದೆ, ಅಷ್ಟೇನೂ ಕಾದಿರಲಿಲ್ಲ. ಮೇಲಿನಿಂದ ನಗು ಕೇಳಿಸಿತು. ಹತ್ತಿ ಹೋದರೆ ಅಕ್ಕ ಮತ್ತು ಎದುರುಮನೆಯ ಹೆಂಗಸು ಹಳೇ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಬಿಡುತ್ತಿದ್ದರು. ಇಷ್ಟು ದಿನ ಎದುರು ಬದುರಿದ್ದೂ ಅವಳ ನಗುವಿಗೆ ಸದ್ದಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನನ್ನು ಕಂಡು ಅವಳು, “ಬರ್ತೀನಿ ಅಕ್ಕ, ಒಲೆ ಮೇಲೆ ಇಟ್ಟು ಬಂದಿದೀನಿ” ಎಂದು ಎದ್ದು ಹೋದಳು.

“ಅಣ್ಣ ಒಬ್ರೇ ಕಷ್ಟಪಡ್ತಿದಾರೆ ಅಕ್ಕ” ಎಂದೆ. ಯೋಚಿಸಿಕೊಂಡು ಬಂದದ್ದು ಬೇರೆ ಮಾತು, ಬಾಯಿಗೆ ಬಂದದ್ದು ಇದು.

“ನೀನಿದೀಯಲ್ಲ.”

“ನಾನು ಅಲ್ಲೇ ಇರಕ್ಕಾಗುತ್ತಾ?”

“ಯಾಕೆ, ಚೆನ್ನಾಗಿಲ್ವಾ? ಗಾಳಿ ಬರಲ್ವಾ?”

“ಗಾಳಿ ಬರುತ್ತೆ. ಅದರ ಜೊತೆ ಊರೆಲ್ಲ ಬರುತ್ತೆ. ಒಂದು ಕಟ್ಟು ಸೊಪ್ಪು ತಂದ್ರೆ ಹತ್ತು ಜನಕ್ಕೆ ಲೆಕ್ಕ ಒಪ್ಪಿಸ್ಬೇಕು.”

ಅಕ್ಕ ಇನ್ನೊಂದು ಸಾಲು ಸಂಡಿಗೆ ಬಿಟ್ಟರು. ಆಮೇಲೆ ಹೇಳಿದರು, “ಇಲ್ಲಿ ಅಂಗಡಿಗೆ ಹೋದ್ರೆ ನನ್ನನ್ನ ಯಾರೂ ಏನೂ ಕೇಳಲ್ಲ ಕಣೇ. ಮೊದಲನೇ ದಿನ ಸುಮ್ಮನೆ ಬಸ್‌ಸ್ಟಾಪ್ ತನಕ ನಡೆದು ವಾಪಸ್ ಬಂದೆ. ಎಲ್ಲಿಗೆ ಅಂತ ಯಾರೂ ಕೇಳ್ಲಿಲ್ಲ. ಮಾರನೇ ದಿನ ಇನ್ನೂ ಮುಂದಕ್ಕೆ ಹೋದೆ. ಒಂದಿನ ಈ ಎದುರುಮನೆಯವಳ ಜೊತೆ ಗಾಜನೂರಿನ ಅಣೆಕಟ್ಟಿಗೂ ಹೋಗಿದ್ದೆ.”

“ನನಗೆ ಇಲ್ಲಿ ಬೇಜಾರು ಬಂದಿದ್ದೇ ಅದಕ್ಕೆ, ಯಾರೂ ಏನೂ ಕೇಳಲ್ಲ ಅಂತ.”

“ನೀನು ಯಾರನ್ನಾದ್ರೂ ಏನಾದ್ರೂ ಕೇಳಿದ್ಯಾ?”

ನಾನು ಸೌಟು ಕೈಗೆತ್ತಿಕೊಂಡೆ. ಇಬ್ಬರೂ ಉಳಿದ ಹಿಟ್ಟಿನ ಸಂಡಿಗೆ ಬಿಟ್ಟು ಮುಗಿಸಿದೆವು. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಸಂಜೆ ನಾನೊಬ್ಬಳೇ ಭದ್ರಾವತಿಗೆ ಹಿಂತಿರುಗಿದೆ.

ಭಾನುವಾರ ಅಣ್ಣ ಗಿರಣಿಯ ಬಾಗಿಲು ಹಾಕಿದರು. ಹಬ್ಬಕ್ಕೂ ಹಾಕದ ಬಾಗಿಲು. ಬೀದಿಯವರೆಲ್ಲ ಬಂದು ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ನಾವು ನಾಲ್ವರೂ ಶಿವಮೊಗ್ಗದ ಬಸ್ಸು ಹತ್ತಿದೆವು. ದಾರಿಯಲ್ಲಿ ಅಣ್ಣ ಕಿಟಕಿಯ ಹೊರಗೇ ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಇವರಿಬ್ಬರ ನಡುವೆ ಏನಾದರೂ ಆದರೆ ಅದಕ್ಕೆ ನನ್ನ ಮನೆ ಕಾರಣ ಎಂದು ಹೇಳುತ್ತಾರಲ್ಲ ಎಂಬ ಭಯ ನನಗೆ.

ಅಕ್ಕ ಎಲ್ಲರಿಗೂ ಬಡಿಸಿದರು. ಊಟವಾದ ಮೇಲೆ ಅಣ್ಣ ಮನೆಯೆಲ್ಲ ಸುತ್ತಿ, ಕಿಟಕಿ ತೆಗೆದು ಹಾಕಿ, ಕೊನೆಗೆ ಬಾಗಿಲ ಬಳಿಯ ಮಂಚದ ಮೇಲೆ ಕೂತರು.

“ನಾನೇನು ಕಡಿಮೆ ಮಾಡ್ದೆ?” ಎಂದು ಕೇಳಿದರು. ಜೋರಾಗಿ ಕೇಳಲಿಲ್ಲ.

“ನೀವೇನೂ ಕಡಿಮೆ ಮಾಡ್ಲಿಲ್ಲ. ಗಿರಣಿ ಸದ್ದಿಲ್ದೆ ಇದ್ರೆ ಹೇಗಿರುತ್ತೆ ಅಂತ ನೋಡ್ಬೇಕಿತ್ತು ನನಗೆ.”

“ಹೇಗಿತ್ತು?”

“ಗೊತ್ತಾಗ್ತಾ ಇತ್ತು. ಅಷ್ಟರಲ್ಲಿ ನೀವೆಲ್ಲ ಬಂದ್ರಿ.”

ಅಣ್ಣ ನಕ್ಕರು. ನಗಬೇಕೆಂದು ನಕ್ಕದ್ದಲ್ಲ, ಬಂದುಬಿಟ್ಟಿತು. ಹುಡುಗಿಯೂ ನಕ್ಕಳು. ಆದರೆ ಅಕ್ಕ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಅಣ್ಣ ಅದನ್ನು ನೋಡಿದರು. “ಸರಿ” ಎಂದರು, “ಹುಡುಗೀಗೆ ಹೇಗೂ ಇಲ್ಲೇ ಕಾಲೇಜು ಆಗ್ಬೇಕು. ಒಂದು ಬಾಡಿಗೆ ಮನೆ ನೋಡೋಣ. ವಾರದಲ್ಲಿ ಇಲ್ಲಿರು. ಶನಿವಾರ ಬಾ. ನಾನಂತೂ ಬರಲ್ಲ, ನನಗೆ ಆ ಸದ್ದಿಲ್ದಿದ್ರೆ ನಿದ್ದೆ ಬರಲ್ಲ.”

ಹಾಗೇ ಆಯಿತು. ಹುಡುಗಿಗೆ ಶಿವಮೊಗ್ಗದ ಕಾಲೇಜಿನಲ್ಲೇ ಸೀಟು ಸಿಕ್ಕಿತು. ನಮ್ಮ ಪಕ್ಕದ ರಸ್ತೆಯಲ್ಲಿ ಮಹಡಿಯ ಮೇಲಿನ ಮನೆಯಲ್ಲಿ ಅಕ್ಕ ಒಲೆ ಹೂಡಿದರು. ಅಣ್ಣ ಅನ್ನ, ತಿಳಿಸಾರು ಮಾಡುವುದನ್ನು ಕಲಿತರು. ಹಳೇ ಟೌನಿನ ಜನ ಕೆಲವು ತಿಂಗಳು ಆಡಿಕೊಂಡರು, ಆಮೇಲೆ ಅವರಿಗೂ ಬೇಸರ ಬಂತು. ನಮ್ಮೆಜಮಾನರ ಕೆಲಸ ರಿಪೇರಿ ಮುಗಿದ ಮೇಲೂ ಮುಂದುವರಿಯಿತು. ಬೆಳಿಗ್ಗೆ ಬಸ್ಸಿಗೆ ಭದ್ರಾವತಿಗೆ ಹೋಗಿ ಸಂಜೆ ಬರುತ್ತಿದ್ದರು, ಸುಸ್ತಾಗಿದ್ದರೂ ಮಾತು ಹೊತ್ತು ತರುತ್ತಿದ್ದರು.

ನಾನು ವಾಪಸು ಬಂದ ದಿನ ಎದುರುಮನೆಯ ಹೆಂಗಸು ಮೊದಲು ಕೇಳಿದ್ದು, “ಅಕ್ಕ ಹೋಗ್ಬಿಟ್ರಾ?” ಎಂದು. ಚುಚ್ಚಿದ ಹಾಗಾಯಿತು. “ಇಲ್ಲೇ ಪಕ್ಕದ ರಸ್ತೆಗೆ ಬರ್ತಾರೆ” ಎಂದೆ. ನಂತರ, ಬೇರೇನು ಮಾತಾಡಬೇಕೆಂದು ತಿಳಿಯದೆ, “ನೀವು ಮೂಲ ಎಲ್ಲಿಯವರು?” ಎಂದು ಕೇಳಿದೆ. ಅವಳು ಗೇಟಿಗೆ ಒರಗಿ ನಿಂತು ಹೇಳತೊಡಗಿದಳು. ತವರು ಶಿಕಾರಿಪುರ, ಇಲ್ಲಿಗೆ ಬಂದ ಹೊಸತರಲ್ಲಿ ದಿನಾ ಅಳುತ್ತಿದ್ದಳಂತೆ.

ವರ್ಷ ತುಂಬುವುದರೊಳಗೆ ಅಕ್ಕ ಶಿವಮೊಗ್ಗದ ಸೆಖೆಯನ್ನು, ಬಾರದ ನೀರನ್ನು ಬೈಯತೊಡಗಿದ್ದರು. ಶನಿವಾರ ಬಂದರೆ ಹಳೇ ಟೌನಿಗೆ ಹೋಗಬೇಕಲ್ಲ ಎಂದು ಅದನ್ನೂ ಬೈಯುತ್ತಿದ್ದರು. ನನಗೆ ನಗು ಬರುತ್ತಿತ್ತು, ಆದರೆ ನಗುವ ಹಾಗಿರಲಿಲ್ಲ. ಮಂಚವನ್ನು ನಾನು ಹಳೆಯ ಜಾಗಕ್ಕೆ ಎಳೆಸಿದ್ದೆ. ವಾರ ಕಳೆದ ಮೇಲೆ ಮತ್ತೆ ಬಾಗಿಲ ಬಳಿಗೆ ತಂದೆ. ಎರಡು ಕಡೆಯೂ ಅದು ಸರಿ ಕಾಣಲಿಲ್ಲ.

ಮುಂದಿನ ಮಾರ್ಚಿನಲ್ಲಿ ಒಂದು ಸಂಜೆ ತಾರಸಿಯ ಮೇಲೆ ಯಜಮಾನರಿಗೆ ಕಾಫಿ ಕೊಡುತ್ತ ಕೇಳಿದೆ, “ರೀ, ಬೇರೆ ಎಲ್ಲಾದ್ರೂ ನೋಡೋಣ್ವಾ?”

“ಎಲ್ಲಿ?”

ಸಾಗರ ಎನ್ನಬೇಕೆಂದಿದ್ದೆ. ದಾವಣಗೆರೆ, ಮಗಳ ಹತ್ತಿರ, ಎನ್ನಬೇಕೆಂದಿದ್ದೆ. ಕೆಳಗೆ ರಸ್ತೆಯಲ್ಲಿ ಹೊಸ ಮನೆಯೊಂದಕ್ಕೆ ಸಾಮಾನು ತುಂಬಿದ ಟೆಂಪೋ ಬಂದು ನಿಂತಿತ್ತು. ಬೀರುವನ್ನು ಇಳಿಸಲು ಆಗದೆ ಇಬ್ಬರು ಒದ್ದಾಡುತ್ತಿದ್ದರು.

ಯಜಮಾನರು ಲೋಟ ಕೆಳಗಿಟ್ಟು, “ಒಂದು ಕೈ ಹಾಕಿ ಬರ್ತೀನಿ” ಎಂದು ಮೆಟ್ಟಿಲಿಳಿದರು.